ಹದಿನೈದು ಸೆಕೆಂಡಿನ ರಸ್ತೆ

ಕಡೂರಿನ ನಮ್ಮ ಸರ್ಕಲ್‌ನಲ್ಲಿ ನಡೆದು ದಾಟುವವರಿಗೆಂದು ಸಿಗ್ನಲ್ ಹಾಕಿದಾಗ ಎಲ್ಲರಿಗಿಂತ ಖುಷಿಪಟ್ಟವಳು ನಾನು. ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು. ಫಿಸಿಯೋಥೆರಪಿಯವರು ಇದ್ದದ್ದು ರಸ್ತೆಯ ಆಚೆ ಬದಿ. ದಿನಾ ನಡೆದೇ ಹೋಗಬೇಕು, ಇಲ್ಲದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಅಂತ ಡಾಕ್ಟರು ಹೇಳಿದ್ದರು.

ಹಸಿರು ದೀಪ ಹತ್ತಿದರೆ ಹದಿನೈದು ಸೆಕೆಂಡು. ಮೊದಲ ದಿನ ಅರ್ಧ ದಾಟಿದ್ದೆವು. ಸಿಗ್ನಲ್‌ಗೆ ನಿಂತಿದ್ದ ಬೈಕಿನಿಂದ ಸಖರಾಯಪಟ್ಟಣದ ನೆಂಟರ ಹುಡುಗ, "ಏನತ್ತೆ, ಹುಷಾರಾದ್ರಾ?" ಅಂದ. ಮಾತಾಡಿಸಿದವರಿಗೆ ನಡೆಯುತ್ತಾ ಉತ್ತರ ಕೊಟ್ಟರೆ ನಮ್ಮ ಕಡೆ ಅದು ಜಂಬ. ಅತ್ತೆ ವಾಕರ್ ಊರಿ ಅಲ್ಲೇ ನಿಂತರು. "ಇದೀನಪ್ಪ. ನಿಮ್ಮವ್ವ ಹೆಂಗದಾರೆ? ಹೆಂಡ್ತಿಗೆ ಎಷ್ಟನೇ ತಿಂಗ್ಳು?" ದೀಪ ಕೆಂಪಾಯಿತು. ಲಾರಿ ಹಾರನ್ ಹೊಡೆಯಿತು; ವಾಕರ್ ಸಮೇತ ಅವರನ್ನು ಹೇಗೋ ಆಚೆ ದಾಟಿಸಿದೆ.

ಮನೆಗೆ ಬಂದು ಗದರಿಬಿಟ್ಟೆ. "ನಡುರಸ್ತೇಲಿ ಕ್ಷೇಮಸಮಾಚಾರನಾ ಅತ್ತೆ!"

ಮರುದಿನ ಅವರು ಯಾರ ಮುಖವನ್ನೂ ನೋಡದೆ, ತಲೆ ತಗ್ಗಿಸಿ ನಡೆದರು. ಆದರೂ ಕೆಂಪಾದಾಗ ಏಳು ಹೆಜ್ಜೆ ಬಾಕಿ. ನುಗ್ಗಿ ಬಂದ ಬೈಕೊಂದು ವಾಕರಿನ ಕಾಲಿಗೆ ತಾಗಿಸಿಕೊಂಡೇ ಹೋಯಿತು. "ಅಜ್ಜೀ, ಮನೇಲಿರಕ್ಕಾಗಲ್ವಾ?" ಅಂತ ಬೇರೆ. ಅತ್ತೆಯನ್ನು ಸುಮ್ಮಸುಮ್ಮನೆ ಬೈದಿದ್ದೆ.

ಸರ್ಕಲ್ಲಿನ ಪೇದೆಯ ಹತ್ತಿರ ಹೋದೆ. ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ತಿದ್ದಿದ್ದು ನೆನಪಿಗೇ ಬರಲಿಲ್ಲ.

"ಇನ್ನು ಹತ್ತು ಸೆಕೆಂಡು ಕೊಡಕ್ಕೆ ನಿಮಗೇನ್ರೀ ಕಷ್ಟ?"

"ಜಾಸ್ತಿ ಮಾಡಿದ್ರೆ ಗಾಡಿಗಳು ರೈಲ್ವೆ ಸ್ಟೇಷನ್ ತನಕ ನಿಲ್ತವೆ ಮೇಡಂ. ಒಂದು ಆಟೋ ಮಾಡ್ಕಳಿ."

"ಗಾಡೀಲಿರೋರಿಗೆ ಮಾತ್ರನಾ ಅರ್ಜೆಂಟು?"

"ಅದೆಲ್ಲ ಮೇಲಿನೋರ ಸೆಟ್ಟಿಂಗು ಮೇಡಂ."

ಮೂರನೇ ದಿನ ಅತ್ತೆ ಸೀರೆಯನ್ನೇ ಬದಲಿಸಲಿಲ್ಲ. "ನಾ ಬರಲ್ಲ ಕಣೇ. ಕಾಲು ಹೋದ್ರೆ ಹೋಗ್ಲಿ."

ಕೊನೆಗೆ ಆಟೋ ಕರೆದೆ. ನಡೆಯಬೇಕೆಂದೇ ಹೊರಟವರನ್ನು ಕೂರಿಸಿಕೊಂಡು, ಈ ಬದಿಯಿಂದ ಆ ಬದಿಗೆ ಆಟೋ! ಸರ್ಕಲ್‌ನಲ್ಲಿ ಅದು ಒಂದೇ ಸಲಕ್ಕೆ ತಿರುಗಲಿಲ್ಲ. ಡ್ರೈವರ್ ಹಿಂದೆ ತಗೊಂಡ, ಮುಂದೆ ತಗೊಂಡ, ಮತ್ತೆ ಹಿಂದೆ. ಈ ಕಡೆ ಬಸ್ಸು, ಆ ಕಡೆ ಲಾರಿ, ಎರಡೂ ನಿಂತವು. ಪೇದೆ ವಿಷಲ್ ಊದುತ್ತಾ ಓಡಿ ಬಂದ.

"ನೀವೇ ಹೇಳಿದ್ದಲ್ವಾ!" ಎಂದು ಆಟೋದಿಂದ ತಲೆ ಹೊರಹಾಕಿ ಕೂಗಿದೆ.

ಗಾಡಿಗಳು ನಿಂತ ಹೊತ್ತನ್ನು ಎಣಿಸುತ್ತಲೇ ಇದ್ದೆ. ನಲವತ್ತು ಸೆಕೆಂಡು ದಾಟಿತು. ಅತ್ತೆಗೆ ಬೇಕಿದ್ದದ್ದು ಹತ್ತು.