ನಾಟಿಯ ವಾರದಲ್ಲಿ ಪಾರ್ಕು

ಆಷಾಢದಲ್ಲಿ ಯಾರಾದರೂ ಪಾರ್ಕಿಗೆ ಹೋಗುತ್ತಾರೆಯೇ? ನಮ್ಮ ಮನೆಮಂದಿ ಹೋದರು, ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಗದ್ದೆ ಉತ್ತು ಕೆಸರು ಮಾಡಿಟ್ಟಾಗಿತ್ತು. ಸಸಿಮಡಿಯಲ್ಲಿ ಸಸಿ ಕೀಳುವಷ್ಟು ಬೆಳೆದು ನಿಂತಿತ್ತು. ಅಂಥ ವಾರದ ಭಾನುವಾರ ಅದು.

ಮಗನಿಗೆ ಮುರ್ಡೇಶ್ವರದ ಲಾಡ್ಜೊಂದರಲ್ಲಿ ಮ್ಯಾನೇಜರ್ ಕೆಲಸ. ಭಾನುವಾರ ರಜೆ ಸಿಗುವುದು ಅಪರೂಪ. ಹಿಂದಿನ ದಿನ ಊಟಕ್ಕೆ ಕೂತಾಗ, "ಅಮ್ಮ, ನಾಳೆ ಹೊನ್ನಾವರದ ಆಚೆ ಪಾರ್ಕಿಗೆ ಹೋಗ್ವಾ. ನೀನು ಎಲ್ಲಿಗೂ ಬರೂದೇ ಇಲ್ಲ," ಅಂದ.

"ನೆಟ್ಟಿ ಸಮಯದಲ್ಲಿ ಎಂತಾ ಪಾರ್ಕು ಮಾರಾಯ?"

"ಒಂದೇ ದಿನ. ಸೋಮವಾರದಿಂದ ನಿನ್ನ ನೆಟ್ಟಿ ಶುರು ಮಾಡ್ಕೊ."

ಸೊಸೆ ಕುಮಟಾದವಳು, ಭಟ್ಕಳದ ಆಸ್ಪತ್ರೆಯಲ್ಲಿ ನರ್ಸು. ಅವಳು ಮುಖ ಎತ್ತದೆ, ಬಡಿಸಿದ ಸಾರನ್ನೇ ಮತ್ತೆ ಬಡಿಸಿದಳು. ಸುಳ್ಳು ಹೇಳಲು ಬಾರದವರು ಇಂಥ ಹೊತ್ತಿನಲ್ಲಿ ಕೈಗೆ ಕೆಲಸ ಹುಡುಕಿಕೊಳ್ಳುತ್ತಾರೆ. ನನಗೆ ಆಗಲೇ ತಿಳಿಯಬೇಕಿತ್ತು.

ತಿಳಿಯದಿರುವುದಕ್ಕೆ ಕಾರಣವಿತ್ತು. ಕಳೆದ ವರ್ಷ ನಾಟಿಯ ಮೂರನೇ ದಿನ ಸೊಂಟ ಹಿಡಿದು ಗದ್ದೆಯಲ್ಲೇ ಬಿದ್ದೆ. ಮೂರು ವಾರ ಹಾಸಿಗೆ. ಇನ್ನು ಬಗ್ಗುವ ಕೆಲಸ ಬೇಡ ಅಂದರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಒಂದೇ ಜಪ, ನಾಟಿ ಯಂತ್ರ ತರಿಸುವ ಜಪ. ಹತ್ತು ಸಲ ಕೇಳಿದರು, ಹತ್ತು ಸಲ ಬೇಡ ಅಂದೆ. ಅಂಗನವಾಡಿ ಟೀಚರಾಗಿದ್ದಷ್ಟು ಕಾಲವೂ ನಾನು ಬೆಳಕು ಹರಿಯುವ ಮೊದಲು ಗದ್ದೆಗಿಳಿದು, ಕಾಲು ತೊಳೆದುಕೊಂಡು ಮಕ್ಕಳಿಗೆ ಹಾಡು ಹೇಳಿಕೊಟ್ಟವಳು. ಸರ್ಕಾರ ನನಗೆ ನಿವೃತ್ತಿ ಕೊಟ್ಟಿತು, ಗದ್ದೆ ಇನ್ನೂ ನಿವೃತ್ತಿ ಕೊಟ್ಟಿಲ್ಲ. ಕೊನೆಗೆ ಅವರು ಕೇಳುವುದನ್ನು ಬಿಟ್ಟರು. ನಾನು ಗೆದ್ದೆ ಅಂದುಕೊಂಡೆ.

ಶರಾವತಿ ಸೇತುವೆ ದಾಟುವಾಗ ಮಳೆ ಬಿಟ್ಟಿತ್ತು. ಪಾರ್ಕು ದೊಡ್ಡದೇ. ಒಂದು ಗುಡ್ಡವನ್ನೇ ಬೇಲಿ ಹಾಕಿ ಒಳಗೆ ತೆಗೆದುಕೊಂಡಿದ್ದಾರೆ. ಜೋಕಾಲಿ, ಜಾರುಬಂಡಿ, ಬಾತುಕೋಳಿಯ ಕೆರೆ ಎಲ್ಲ ಇವೆ. ಮೊಮ್ಮಗಳು ಒಂದರಿಂದ ಇನ್ನೊಂದಕ್ಕೆ ಓಡಿದಳು. ಭಟ್ಕಳ ಕಡೆಯ ದೊಡ್ಡ ಕುಟುಂಬವೊಂದು ಮಂಟಪದಲ್ಲಿ ಚಾಪೆ ಹಾಸಿ ಬಿರಿಯಾನಿ ಡಬ್ಬಿ ಬಿಚ್ಚುತ್ತಿತ್ತು. ಪರಿಮಳಕ್ಕೆ ನನಗೂ ಹಸಿವಾಯಿತು. ಸುಳ್ಳೇಕೆ ಹೇಳಲಿ, ಆ ಒಂದು ತಾಸು ನನಗೆ ಖುಷಿಯಾಗಿತ್ತು. ಮಗ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಎಷ್ಟು ವರ್ಷವಾಗಿತ್ತೋ ಅವನು ನನ್ನ ಕೈ ಹಿಡಿದು.

ಮೇಲೆ ಹಳ್ಳಿಯ ಬದುಕು ತೋರಿಸುವ ಸಿಮೆಂಟಿನ ಬೊಂಬೆಗಳಿದ್ದವು. ಎತ್ತು, ನೇಗಿಲು, ಬುಟ್ಟಿ ಹೆಣೆಯುವವನು, ಕೊನೆಯಲ್ಲಿ ನಾಟಿ ಮಾಡುವ ಹೆಂಗಸು. ಪಕ್ಕದ ಬೋರ್ಡಿನಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆದಿತ್ತು. ಅವಳ ಕೈಗೆ ಕೆಸರಿನ ಗಂಧಗಾಳಿಯೂ ಇಲ್ಲ, ಮೊಳಕೈವರೆಗೆ ಚಿನ್ನದ ಬಣ್ಣದ ಬಳೆ. ಅದು ಹೋಗಲಿ. ನಾಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತ ನೆಡುತ್ತಾರೆ, ನೆಟ್ಟ ಸಾಲು ಕಣ್ಣೆದುರಿಗೆ ಇರುತ್ತದೆ. ಇವಳ ಸಾಲುಗಳು ಬೆನ್ನ ಹಿಂದಿದ್ದವು. ಅಂದರೆ ನೆಟ್ಟಿದ್ದನ್ನೆಲ್ಲ ತುಳಿದುಕೊಂಡೇ ಮುಂದೆ ಬಂದಿದ್ದಾಳೆ ಮಹಾತಾಯಿ!

ಹೇಗೆ ನಿಲ್ಲಬೇಕೆಂದು ಮೊಮ್ಮಗಳಿಗೆ ತೋರಿಸಲು ನಾನು ಸರಪಳಿಯ ಆಚೆ ಒಂದು ಕಾಲಿಟ್ಟೆ. ಕಾವಲಿನವನು ಸೀಟಿ ಊದಿದ.

"ಅಮ್ಮಾ, ಒಳಗೆ ಹೋಗ್ಬಾರ್ದು."

"ಹೋಗೂದಿಲ್ಲ ಮಾರಾಯ. ಇವಳನ್ನ ತಿರುಗಿಸಿ ನಿಲ್ಲಿಸೂಕೆ ನಿಮ್ಮ ಸಾಹೇಬ್ರಿಗೆ ಹೇಳು. ಹೀಂಗೆ ನೆಟ್ರೆ ಒಂದು ಕಾಳೂ ಬರೂದಿಲ್ಲ."

ಸುತ್ತ ನಿಂತವರು ನಕ್ಕರು. ಮಗ ಮಾತ್ರ ನಗಲಿಲ್ಲ. "ಫೋಟೋ ತೆಗಿತೆ, ಅವಳ ಪಕ್ಕ ನಿಲ್ಲು," ಅಂದ, ಮಾತು ತಿರುಗಿಸುವವನಂತೆ. ಅಷ್ಟರಲ್ಲಿ ನನ್ನ ಫೋನು ಟಿಂಗ್ ಅಂದಿತು.

ಕುಟುಂಬದ ವಾಟ್ಸಾಪ್ ಗ್ರೂಪು. ಅದನ್ನು ಮಾಡಿದವಳು ನಾನೇ. ನಮ್ಮ ಪಕ್ಕದ ಮನೆಯಲ್ಲಿರುವ ಮೈದುನ ವಿಡಿಯೋ ಕಳಿಸಿದ್ದ. ಕೆಸರಿನಲ್ಲಿ ಒಂದು ಯಂತ್ರ ಗುರ್ರೆನ್ನುತ್ತ ಸಾಗುತ್ತಿತ್ತು, ಹಿಂದೆ ಹಸಿರು ಸಾಲು ಬೀಳುತ್ತಿತ್ತು. ಹಿನ್ನೆಲೆಯಲ್ಲಿ ನಮ್ಮ ಬಾವಿಕಟ್ಟೆ. ಕೆಳಗೆ ಬರೆದಿದ್ದ: 'ಅತ್ತಿಗೆಯ ದೊಡ್ಡ ಗದ್ದೆ ಎರಡೂ ಮುಗೀತು. ಇನ್ನು ಬಾವಿಗದ್ದೆ ಒಂದೇ ಬಾಕಿ!'

ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದ ಮಗ ಗ್ರೂಪನ್ನು ಮರೆತಿದ್ದ. ಸಂಭ್ರಮದಲ್ಲಿ ಮೈದುನ ನನ್ನನ್ನೇ ಮರೆತಿದ್ದ.

ನಾನು ಎರಡು ಸಲ ನೋಡಿದೆ. ಅಂಗನವಾಡಿಯಲ್ಲಿ ಇಂಜೆಕ್ಷನ್ ಕೊಡುವ ದಿನ ನಾವೂ ಹೀಗೇ ಮಾಡುತ್ತಿದ್ದೆವು. ಅಗೋ ಕಾಗೆ ನೋಡು ಅನ್ನುವುದು, ಮಗು ಆಚೆ ನೋಡುವಷ್ಟರಲ್ಲಿ ಸೂಜಿ ಚುಚ್ಚುವುದು. ಆ ಮಕ್ಕಳು ನನ್ನನ್ನು ಯಾಕೆ ಹಾಗೆ ದುರುಗುಟ್ಟಿ ನೋಡುತ್ತಿದ್ದವೆಂದು ಆ ಗುಡ್ಡದ ಮೇಲೆ ನಿಂತು ನನಗೆ ಅರ್ಥವಾಯಿತು. ನೋವಿಗಲ್ಲ, ಕಾಗೆ ತೋರಿಸಿದ್ದಕ್ಕೆ.

ಮೈದುನನಿಗೆ ಫೋನು ಹಚ್ಚಿದೆ. "ಯಂತ್ರ ನಿಲ್ಸು."

"ಅತ್ತಿಗೆ? ನೀವು... ಅಲ್ಲ, ಅಂವನೇ ಹೇಳಿದ್ದು, ಪೂರಾ ಮುಗಿಸೂಕೆ."

"ಪಹಣಿಯಲ್ಲಿ ಹೆಸರು ಯಾರದ್ದು?"

"ನಿಮ್ಮದೇ ಅತ್ತಿಗೆ," ಅಂದ.

"ಹಾಂಗಾರೆ ಬಾವಿಗದ್ದೆಗೆ ಅದರ ಚಕ್ರ ತಾಗೂಕಿಲ್ಲ. ಆತಾ?"

"ಆತು ಅತ್ತಿಗೆ."

ಫೋನಿಟ್ಟು ತಿರುಗಿದೆ. ಮಗ ಕುಂಬಳಕಾಯಿ ಕಳ್ಳನಂತೆ ನಿಂತಿದ್ದ. ಸೊಸೆ ನಿಧಾನವಾಗಿ, "ಅತ್ತೆ, ನಾನು ಬೇಡ ಅಂದಿದ್ದೆ," ಅಂದಳು. ಅದು ನಿಜವೇ ಇರಬೇಕು. ಆದರೂ ಬಂದಿದ್ದಳಲ್ಲ.

"ನನ್ನನ್ನ ಕಾಗೆ ತೋರ್ಸೂಕೆ ಕರ್ಕಂಡು ಬಂದ್ಯಾ?" ಅಂದೆ ಮಗನಿಗೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ದನಿ ಅರ್ಥವಾಯಿತು. ಕೆಳಗೆ ಮಂಟಪದಲ್ಲಿ ಊಟಕ್ಕೆ ಕೂತವರೂ ತಲೆ ಎತ್ತಿ ನೋಡಿದರು.

ಆಗ ಅವನಿಗೂ ಸಿಟ್ಟು ಬಂತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ. "ಹೋದ ವರ್ಷ ಕೆಸರಿಂದ ನಿನ್ನ ಎತ್ತಿದ್ದು ಯಾರು? ನೀನು ಕೂಗ್ತಾ ಇದ್ದೆ. ನೀನು ಕೂಗಿದ್ದು ನಾನು ಅದೇ ಮೊದಲು ಕೇಳಿದ್ದು. ಮೂರು ವಾರ ರಾತ್ರಿ ನಿನ್ನ ಮಗ್ಗುಲು ತಿರುಗ್ಸಿದ್ದು ನಾನು. ಮತ್ತೆ ಹಾಂಗೇ ಆಗ್ಲಿ ಹೇಳಿ ಸುಮ್ನೆ ಕೂರ್ಬೇಕಾ?"

ನಾನು ಕೂಗಿದ್ದು ನನಗೆ ನೆನಪೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಹಾಗಂತ ಸೋಲಲಿಲ್ಲ.

"ಸೊಂಟ ನಂದು, ಗದ್ದೆ ನಂದು," ಅಂದೆ. "ಹೆದರಿಕೆ ನಿಂದು, ಅದು ಗೊತ್ತಾತು. ಆದ್ರೆ ನಾನು ಬೇಡ ಅಂದ್ರೆ ಬೇಡವೇ. ನನ್ನೆದುರಿಗೆ ನಿಂತು ಜಗಳ ಮಾಡು, ನನ್ನ ಬೆನ್ನ ಹಿಂದೆ ಅಲ್ಲ."

"ಮನೆಗೆ ಹೋಗ್ವಾ," ಅಂದ ಅವನು, ಕಾರಿನ ಕೀಲಿ ತೆಗೆಯುತ್ತ.

"ಎಂತಕ್ಕೆ ಹೋಗೂದು? ಪಾರ್ಕು ತೋರಿಸ್ತೆ ಅಂದ್ಯಲ್ಲ. ಪೂರಾ ತೋರ್ಸು."

ತೋರಿಸಿದ. ಬಿಡಲಿಲ್ಲ ನಾನು. ಬಾತುಕೋಳಿಯ ಕೆರೆಗೆ ಎರಡು ಸುತ್ತು, ಔಷಧಿ ಗಿಡಗಳ ಒಂದೊಂದು ಬೋರ್ಡು, ಮಕ್ಕಳ ರೈಲು. ಸೊಸೆ ಕಟ್ಟಿ ತಂದಿದ್ದ ಚಪಾತಿ ಪಲ್ಯವನ್ನು ಬೆಂಚಿನ ಮೇಲೆ ಕೂತು ನಿಧಾನವಾಗಿ ತಿಂದೆ. ಮಗನ ಲಾಡ್ಜಿನ ಬೂಟು ಕಚ್ಚುತ್ತಿತ್ತು. ಕುಂಟುತ್ತ ಹಿಂದೆ ಬಂದ. ಗೇಟು ಮುಚ್ಚುತ್ತೇವೆ ಎಂದು ಕಾವಲಿನವನು ಸೀಟಿ ಊದುವವರೆಗೆ ನಾನು ಹೊರಡಲಿಲ್ಲ.

ಸೋಮವಾರ ಬೆಳಿಗ್ಗೆ ಸಸಿ ಕಿತ್ತು ಬಾವಿಗದ್ದೆಗಿಳಿದೆ. ದೊಡ್ಡ ಗದ್ದೆ ಎರಡರಲ್ಲೂ ಯಂತ್ರದವರೇ ತಂದು ನೆಟ್ಟ ಸಸಿಯ ಸಾಲುಗಳು ನೇರವಾಗಿ, ಚೆನ್ನಾಗಿಯೇ ಇದ್ದವು. ನೋಡಿದೆ, ಒಪ್ಪಿಕೊಂಡೆ, ಯಾರಿಗೂ ಹೇಳಲಿಲ್ಲ. ಒಂಬತ್ತು ಸಾಲು ನೆಡುವಷ್ಟರಲ್ಲಿ ಸೊಂಟದಲ್ಲಿ ಕೆಂಡ ಇಟ್ಟಂತಾಯಿತು. ಹತ್ತನೆಯದಕ್ಕೆ ಬಗ್ಗಿದವಳು ಏಳಲಾರದೆ ಹೋದೆ. ಕೈಯೂರಿಕೊಂಡು ಹೇಗೋ ಬದುವಿಗೆ ಬಂದು ಕೂತೆ. ಸೊಂಟದ ವಿಷಯದಲ್ಲಿ ಅವನು ಹೇಳಿದ್ದು ಸರಿ. ಅದನ್ನು ಅವನಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಅವನು ಯಾವಾಗ ಬಂದು ಹಿಂದೆ ನಿಂತಿದ್ದನೋ. ಲಾಡ್ಜಿಗೆ ಹೊರಟ ಪ್ಯಾಂಟಿನಲ್ಲೇ ಇದ್ದ. ನನ್ನನ್ನು ಎತ್ತಲು ಬರಲಿಲ್ಲ, ನೋಯುತ್ತಿದೆಯಾ ಅಂತಲೂ ಕೇಳಲಿಲ್ಲ. ಪ್ಯಾಂಟು ಮಡಚಿದ, ಕೆಸರಿಗೆ ಇಳಿದ, ಸಸಿಯ ಕಟ್ಟು ಎತ್ತಿಕೊಂಡ.

"ಎಲ್ಲಿಂದ ನೆಡ್ಲಿ ಅಮ್ಮ?"

ಯಂತ್ರ ತರಿಸುವಾ ಎಂದು ಮನೆಮಂದಿ ಹತ್ತು ಸಲ ಕೇಳಿದಾಗಲೂ ನನ್ನ ಉತ್ತರ ಅವರಿಗೆ ಬೇಕಿರಲಿಲ್ಲ. ಈ ಸಲ ಅವನು ಕಟ್ಟು ಹಿಡಿದು ಉತ್ತರಕ್ಕೆ ಕಾಯುತ್ತಿದ್ದ. ನಾನು ಕೈ ಮಾಡಿ ತೋರಿಸಿದೆ. ಬಗ್ಗಿದ, ಒಂದು ಸಾಲು ನೆಟ್ಟ, ತಲೆ ಎತ್ತಿ ನನ್ನ ಮುಖ ನೋಡಿದ.

"ಸೊಟ್ಟ ಆತು," ಅಂದೆ. "ಕಿತ್ತು ಮತ್ತೆ ನೆಡು."