ದೊಡ್ಡಮ್ಮ ಗೇಟು ದಾಟಿದ್ದು

ನಮ್ಮ ದೊಡ್ಡಮ್ಮನ ದನಿ ಊರಿಗೆಲ್ಲ ಗೊತ್ತು, ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಬಸ್ ನಿಲ್ದಾಣದ ಮಹಡಿಯಲ್ಲಿ, ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ, ಮೈಕಿನ ಮುಂದೆ ಕೂತು ಇಪ್ಪತ್ತೆಂಟು ವರ್ಷ ಬಸ್ಸುಗಳನ್ನು ಕಳಿಸಿಕೊಟ್ಟವಳು. "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರುಮಾಡಿದರೆ ಜಗಳವಾಡುತ್ತಿದ್ದ ಗಂಡಹೆಂಡಿರೂ ಬಾಯಿ ಮುಚ್ಚುತ್ತಿದ್ದರು. ಆಮೇಲೆ ನಿಲ್ದಾಣಕ್ಕೆ ಯಂತ್ರ ಬಂತು, ದೊಡ್ಡಮ್ಮ ಮನೆಗೆ ಬಂದಳು. ಬಂದವಳು ಮತ್ತೆ ಹೊರಗೆ ಹೋಗಲಿಲ್ಲ.

ಮೊದಮೊದಲು ಕಾರಣಗಳಿದ್ದವು. ಬಿಸಿಲು. ಮಂಡಿನೋವು. ಚಪ್ಪಲಿ ಕಚ್ಚುತ್ತದೆ. ಹೊಸ ಚಪ್ಪಲಿ ತಂದುಕೊಟ್ಟೆ. ಅದು ಕಚ್ಚುವುದಿಲ್ಲ, ಆದರೆ ಬಣ್ಣ ಸರಿಯಿಲ್ಲವಂತೆ. ಮೂರು ವರ್ಷಕ್ಕೆ ಕಾರಣಗಳೂ ಮುಗಿದು ನಿಜ ಹೊರಬಿತ್ತು. ಗೇಟಿನ ಚಿಲಕಕ್ಕೆ ಕೈಯಿಟ್ಟರೆ ಎದೆ ಢವಢವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಯಾರಾದರೂ ಮುಖ ನೋಡಿದರೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತದೆ. ಇಷ್ಟನ್ನು ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿಕೊಂಡು ಹೇಳಿದಳು. ಅಂದು ನಾನು ಗೇಲಿ ಮಾಡಲಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದೆ.

ನರ್ಸಮ್ಮ ಗಟ್ಟಿಗಿತ್ತಿ. ಗುರುವಾರಗಳಲ್ಲಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂಟಿಯಾಗಿರುವವರನ್ನೂ ಅಂಜುಬುರುಕರನ್ನೂ ಕೂಡಿಸಿ, ಚಹಾ ಕೊಟ್ಟು, ಮಾತಾಡಿಸುತ್ತಾಳೆ. ದೊಡ್ಡಮ್ಮ ಜಪ್ಪಯ್ಯ ಅಂದರೂ ಹೋಗಲೊಪ್ಪಲಿಲ್ಲ.

"ಸರಿ, ಬರಬೇಡಿ," ಎಂದಳು ನರ್ಸಮ್ಮ. "ನಿಮ್ಮ ಥರಾನೇ ಬರದೇ ಇರೋರು ಇನ್ನೂ ಐದು ಜನ ಇದ್ದಾರೆ. ದಿನಾ ಹತ್ತು ಗಂಟೆಗೆ ಅವರಿಗೆ ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳಿ. ಮುಖ ತೋರಿಸೋದೇನೂ ಬೇಡ."

ದೊಡ್ಡಮ್ಮನಿಗೆ ಮೈಕು ಮರಳಿ ಸಿಕ್ಕಂತಾಯಿತು. ಮಾಡುವುದು ಫೋನು, ಅದಕ್ಕೂ ತಲೆ ಬಾಚಿಕೊಂಡು ಕೂರುತ್ತಿದ್ದಳು. ಪಟ್ಟಿಯ ಕೊನೆಯಲ್ಲಿ ಹಿಂದಿನ ಬೀದಿಯ ಗಡಿಯಾರ ರಿಪೇರಿಯವರು. ಅವರದು ದಿನಕ್ಕೊಂದೇ ಮಾತು: "ಇದ್ದೀನಿ." ಟಕ್ಕನೆ ಇಟ್ಟುಬಿಡುವರು. "ಏನು ಜಂಬ!" ಎಂದು ದೊಡ್ಡಮ್ಮ ಮೂಗು ಮುರಿಯುತ್ತಿದ್ದಳು. ಆದರೆ ಆ ಒಂದು ಮಾತು ಕಿವಿಗೆ ಬೀಳುವವರೆಗೆ ತಿಂಡಿ ಮುಟ್ಟುತ್ತಿರಲಿಲ್ಲ.

ಒಂದು ಗುರುವಾರ ಆ ಮಾತು ಬರಲಿಲ್ಲ. ಒಂಬತ್ತು ಸಲ ಮಾಡಿದಳಂತೆ. ನರ್ಸಮ್ಮನ ಫೋನೂ ಸ್ವಿಚ್ ಆಫ್. ನನ್ನ ಆಫೀಸಿಗೆ ಮಾಡಿದಳು.

"ಗಡಿಯಾರದೋರು ಫೋನ್ ಎತ್ತುತಾ ಇಲ್ಲ ಕಣೇ."

"ಬಚ್ಚಲಲ್ಲಿರಬಹುದು, ದೊಡ್ಡಮ್ಮ."

"ಹತ್ತು ಗಂಟೆ ಆಗಿದ್ದು ಗಡಿಯಾರದೋರಿಗೆ ಗೊತ್ತಾಗಲ್ವೇನೇ?"

"ನಾನು ಬರ್ತೀನಿ. ಒಂದು ಗಂಟೆ ಹಿಡಿಯತ್ತೆ."

"ಬಿದ್ದಿದ್ರೆ? ಒಂದು ಗಂಟೆ ಹಾಗೇ ಬಿದ್ದಿರಬೇಕಾ?" ಅಷ್ಟಕ್ಕೇ ಫೋನಿಟ್ಟಳು.

ಮುಂದಿನದು ಅವಳೇ ಆಮೇಲೆ ಹೇಳಿದ್ದು. ಗೇಟಿನವರೆಗೆ ಬಂದಳು, ಕಾಲು ಏಳಲಿಲ್ಲ. ಆಗ ತನಗೆ ಬರುವ ಒಂದೇ ಕೆಲಸ ಮಾಡಿದಳು. "ಪ್ರಯಾಣಿಕರ ಗಮನಕ್ಕೆ. ಒಬ್ಬ ಹೆಂಗಸು ಗೇಟಿನಿಂದ ಈಗ ಹೊರಡಲಿದ್ದಾಳೆ. ಹಾಲಿನ ಅಂಗಡಿ, ಔಷಧಿ ಅಂಗಡಿ ಮಾರ್ಗವಾಗಿ ಹಿಂದಿನ ಬೀದಿ ತಲುಪಲಿದ್ದಾಳೆ." ಹೊರಡಲಿದ್ದಾಳೆ ಅಂದ ಮೇಲೆ ಹೊರಡದಿದ್ದರೆ ಹೇಗೆ? ಇಪ್ಪತ್ತೆಂಟು ವರ್ಷದ ಮರ್ಯಾದೆಯ ಪ್ರಶ್ನೆ. ಹಾಲಿನವನು ತಲೆಯೆತ್ತಿ ಧ್ವನಿವರ್ಧಕ ಎಲ್ಲಿದೆಯೆಂದು ಹುಡುಕಿದನಂತೆ.

ಬಾಗಿಲು ಬಡಿದಾಗ ಗಡಿಯಾರದವರು ಗಟ್ಟಿಮುಟ್ಟಾಗಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು. ಹಿಂದೆ ಮೇಜಿನ ಮೇಲೆ ಫೋನು ಇಪ್ಪತ್ತು ತುಂಡಾಗಿ ಬಿದ್ದಿತ್ತು.

"ಫೋನಿನ ಗಂಟೆ ಸ್ವಲ್ಪ ಕರ್ಕಶವಾಗಿತ್ತು. ಸರಿಮಾಡೋಣ ಅಂತ ಬಿಚ್ಚಿದೆ."

"ಒಂದು ಮಾತು ಹೇಳೋಕೇನು ಧಾಡಿ ನಿಮಗೆ?"

"ಫೋನ್ ಬಿಚ್ಚಿದ್ದೀನಲ್ಲಮ್ಮ, ಹೇಗೆ ಹೇಳಲಿ?"

ದೊಡ್ಡಮ್ಮ ಮೂರು ವರ್ಷದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದಳು. ಸಿಟ್ಟು ಇಳಿದದ್ದೇ ಹೆದರಿಕೆ ಏರಿತು. ಒಳಗೆ ಸ್ಟೂಲಿನ ಮೇಲೆ ಕುಸಿದು, "ನನ್ನನ್ನ ಮನೆಗೆ ಬಿಟ್ಟುಬರ್ತೀರಾ?" ಎಂದಳು.

ಅವರು ಹೊಸ್ತಿಲನ್ನು ನೋಡಿದರು. "ನಾನು ಇದನ್ನ ದಾಟಿ ಎರಡು ವರ್ಷ ಆಯ್ತು."

ಇತ್ತ ನಾನು ಓಡೋಡಿ ಬಂದರೆ ಮನೆ ಬಾಗಿಲು ತೆರೆದೇ ಇದೆ, ಗೇಟು ತೆರೆದೇ ಇದೆ, ಬಣ್ಣ ಸರಿಯಿಲ್ಲದ ಚಪ್ಪಲಿ ಅಲ್ಲೇ ಇದೆ, ದೊಡ್ಡಮ್ಮ ಇಲ್ಲ. ಚಪ್ಪಲಿ ಕೈಗೆತ್ತಿಕೊಂಡು ಹಿಂದಿನ ಬೀದಿಗೆ ಓಡಿದೆ. ತಿರುವಿನಲ್ಲೇ ಕೇಳಿಸಿತು ಆ ದನಿ.

"ಪ್ರಯಾಣಿಕರ ಗಮನಕ್ಕೆ. ಎರಡು ವರ್ಷ ತಡವಾಗಿರುವ ಗಡಿಯಾರದವರು ಮತ್ತು ಮೂರು ವರ್ಷ ತಡವಾಗಿರುವ ಹೆಂಗಸು ಗುರುವಾರದ ಚಹಾಕ್ಕಾಗಿ ಗ್ರಂಥಾಲಯದ ಕಡೆಗೆ ಹೊರಟಿದ್ದಾರೆ."

ಗೋಡೆಯ ಪಕ್ಕದಲ್ಲೇ ಒಬ್ಬರ ತೋಳು ಒಬ್ಬರು ಹಿಡಿದು, ಒದ್ದೆ ನೆಲದ ಮೇಲೆ ನಡೆಯುವವರಂತೆ ಬರುತ್ತಿದ್ದರು. ಗಡಿಯಾರದವರ ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಇನ್ನೂ ಇತ್ತು. ನನಗೆ ಅಳು ತಡೆಯಲಾಗಲಿಲ್ಲ, ಬೀದಿಯಲ್ಲೇ ನಿಂತು ಅತ್ತೆ.

ದೊಡ್ಡಮ್ಮ ನನ್ನ ಕೈ ನೋಡಿದಳು.

"ಚಪ್ಪಲಿ ತಂದ್ಯಾ? ಕೊಡು."

"ಬಣ್ಣ ಸರಿಯಿಲ್ಲ ಅಂತಿದ್ದೆ?"

"ಮನೆಯೊಳಗೆ ಬೆಳಕು ಕಮ್ಮಿ ಕಣೇ," ಎಂದು ಕಾಲು ತೂರಿಸಿದಳು. "ಇಲ್ಲಿ ಚೆನ್ನಾಗೇ ಕಾಣ್ಸತ್ತೆ."