ಬೀಗರು ಬಿಟ್ಟುಹೋದ ಗಾಲಿ

ಇವತ್ತು ನನ್ನ ಮೊಮ್ಮಗಳು ಒಬ್ಬಳೇ ಸೈಕಲ್ ತುಳಿದುಕೊಂಡು ಕಾಲುವೆಯ ಆಚೆಗಿನ ಹೈಸ್ಕೂಲಿಗೆ ಹೋಗಿ ಬಂದಳು! ಮಾನವಿಯ ನಮ್ಮ ಓಣಿಗೆಲ್ಲ ಹೇಳಿ ಬಂದೆ, ಇನ್ನೂ ಸಾಲದು. ಹುಟ್ಟಿದಾಗಿನಿಂದ ಅವಳ ಬಲಗಾಲಿಗೆ ಕಸುವು ಕಡಿಮೆ. "ಸೈಕಲ್ ಆಗದಿದ್ರ ಹಾಸ್ಟೆಲಿಗೆ ಹಾಕೋದ" ಎಂದು ನನ್ನ ಮಗ ಹೇಳಿಬಿಟ್ಟಿದ್ದ. ಮನೆ ಬಿಡಲು ಕೂಸಿಗೆ ಮನಸ್ಸಿರಲಿಲ್ಲ.

ಈ ಖುಷಿ ಕೊಟ್ಟವರು ನಮ್ಮ ಬೀಗರು, ಸೊಸೆಯ ಅಪ್ಪ, ದೇವದುರ್ಗದವರು. ಅವರ ಬಿಳಿ ಧೋತರದ ಅಂಚಿಗೆ ಯಾವಾಗಲೂ ಅಂಗೈಯಷ್ಟು ಎಣ್ಣೆಯ ಕಲೆ. ಅವರದು ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವಾಗ ಕೊಂಡ ಸೈಕಲ್ಲು. ಹಿಂದಿನ ಗಾಲಿಯ ನಡುವೆ, ಹಬ್‌ನ ಉಬ್ಬಿದ ಡಬ್ಬಿಯೊಳಗೇ ಮೂರು ಗೇರು. ಫ್ರೇಮು ಹೋಯಿತು, ರಿಮ್ಮು ಹೋಯಿತು, ಡಬ್ಬಿ ಮಾತ್ರ ಅದೇ.

ಬೀಗರೆಂದ ಮೇಲೆ ಕೆಣಕದೆ ಬಿಡುವುದುಂಟೇ? "ಏನ್ರಿ ಬೀಗರ, ಗಾಲಿ ಬಸುರೇನ್ರಿ? ಹಡಿಯೋದ್ಯಾವಾಗ?"

"ನಗ್ರಿ ಬೀಗತಿ, ನಗ್ರಿ. ಗೇರು ಹೊರಗಿದ್ರ ಎರಿಮಣ್ಣು ತಿಂತಾವ. ಒಳಗಿದ್ರ ಎಣ್ಣಿ ಅಷ್ಟ ಕುಡೀತಾವ."

ಒಮ್ಮೆ ಗಾಣದ ಕುಸುಬಿ ಎಣ್ಣೆಯನ್ನೇ ಹನಿಸಿಬಿಟ್ಟರು. ಒಳ್ಳೆಯದು ತಿನ್ನಿಸಿದರೆ ಗಾಲಿಯೂ ಗಟ್ಟಿಯಾಗುತ್ತದೆ ಎಂಬ ನಂಬಿಕೆ! ಎಣ್ಣೆ ಅಂಟಾಗಿ ಗೇರು ಕಚ್ಚಿಕೊಂಡವು. ಸೀಮೆಎಣ್ಣೆಯಲ್ಲಿ ತೊಳೆದು ಮಷಿನ್ ಎಣ್ಣೆ ಬಿಟ್ಟರೆ ಮತ್ತೆ ಟಿಕ್ ಟಿಕ್. "ಅಜೀರ್ಣ ಆಗಿತ್ತು, ಅಷ್ಟ" ಎಂದರು. ಸೋಲೊಪ್ಪುವ ಜೀವವೇ ಅಲ್ಲ.

ಮಗ ಹೋದ ವರ್ಷ ಹೊಸ ಗೇರಿನ ಸೈಕಲ್ ತಂದ. ಅದರ ಗೇರು ತುಳಿಯುವಾಗ ಮಾತ್ರ ಬದಲಾಗುವುದು. ಕಾಲುವೆ ಸೇತುವೆಯ ಏರಿನಲ್ಲಿ ನಿಂತರೆ ಮುಗಿಯಿತು, ಮೊಮ್ಮಗಳಿಗೆ ಮತ್ತೆ ತುಳಿಯಲಾಗುತ್ತಿರಲಿಲ್ಲ. ಅಳುತ್ತ ತಳ್ಳಿಕೊಂಡು ಬಂದಳು. ಬೀಗರು ಮರುದಿನವೇ ತಮ್ಮ ಗಾಲಿ ಬಿಚ್ಚಿ ತಂದು ಅವಳ ಸೈಕಲ್ಲಿಗೆ ಕೂಡಿಸಿದರು.

"ಒಂಚೂರು ಭಾರ ಅನಸ್ತದವ್ವ. ಒಳಗ ಹಲ್ಲಿಗೆ ಹಲ್ಲು ತಿಕ್ಕಿ ತುಸು ಕಸುವು ತಿಂತಾವ. ಆದ್ರ ನಿಂತಲ್ಲೇ ಗೇರು ಬದಲಾಗ್ತದ. ನಿಂತ್ರ ಹೆದರಬ್ಯಾಡ. ಹಗುರ ಗೇರಿಗೆ ಹಾಕು, ಎದ್ದು ತುಳಿ."

ಆಮೇಲೆ ತಾವು ಎಲ್ಲಿಗೆ ಹೋದರೂ ನಡೆದೇ ಹೋದರು. ಮೊಮ್ಮಗಳು ಓಣಿಯಲ್ಲಿ ಕಲಿಯುತ್ತಿದ್ದಾಗಲೇ ತೀರಿಕೊಂಡರು. ಸೇತುವೆ ಹತ್ತಿದ್ದನ್ನು ನೋಡಲಿಲ್ಲ.

ಇವತ್ತು ಏರಿನ ನಟ್ಟನಡುವೆ ಕುರಿ ಹಿಂಡು ಅಡ್ಡ ಬಂತಂತೆ. "ನಿಂತೆ ಅಜ್ಜೀ. ಟಿಕ್ ಅಂತು. ಎದ್ದೆ!"

ಸಂಜೆ ದೇವದುರ್ಗದಿಂದ ಬೀಗರ ಹೆಂಡತಿಯೂ ಬಂದರು. ಮನೆಯವರೆಲ್ಲ ಒಂದೇ ಸಾಲಿನಲ್ಲಿ ಉಣ್ಣಲು ಕುಳಿತೆವು. ಮೊದಲ ಎಡೆ ಬೀಗರ ಹೆಸರಿಗಿಟ್ಟು, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದೆ.

"ಸಾಕ್ರಿ ಅತ್ತಿ," ಸೊಸೆ ಕಣ್ಣೊರೆಸಿಕೊಂಡು ನಕ್ಕಳು, "ಅಪ್ಪಗ ಅಜೀರ್ಣ ಆಗ್ತದ."

"ಆಗ್ಲಿ ಬಿಡು" ಎಂದು ಇನ್ನೊಂದು ಚಮಚ ಹಾಕಿದೆ.